ಕೇಳದೇ ಬಿಟ್ಟ ಜಾಗದ ಬಣ್ಣ

ಬಣ್ಣಕ್ಕನನ್ನು ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಅವಳು ಒಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು, ಇನ್ಯಾರನ್ನೋ ಕರೆದಿರಬೇಕು ಎಂಬಂತೆ. ಇಪ್ಪತ್ತೆರಡು ವರ್ಷಗಳಿಂದ ಭೂಪಟ ಮಾಡುವ ಕಾರ್ಖಾನೆಯ ಮಹಡಿಯಲ್ಲಿ ಕೂತು ದೇಶಗಳಿಗೆ ಬಣ್ಣ ಹಾಕುತ್ತಿದ್ದವಳಿಗೆ ಆ ಅಡ್ಡಹೆಸರೇ ಅಂಟಿಕೊಂಡಿತ್ತು. ಶಾಲೆಗಳಿಗೆ ಹೋಗುವ ಭೂಪಟಗಳೆಲ್ಲ ಈಗ ಕೆಳಗಿನ ಯಂತ್ರದಲ್ಲೇ ಅಚ್ಚಾಗುತ್ತಿದ್ದವು. ಆದರೂ ಗೋಡೆಯಷ್ಟು ದೊಡ್ಡದು ಬೇಕು, ಒಂದೇ ಒಂದು ಬೇಕು, ಕೈಯಲ್ಲೇ ಬರೆದದ್ದು ಬೇಕು ಎನ್ನುವವರು ವರ್ಷಕ್ಕೆ ಹತ್ತಾರು ಮಂದಿ ಬರುತ್ತಿದ್ದರು. ಅಂಥವರಿಗಾಗಿ ಯಜಮಾನರು ಮಹಡಿಯ ಮೇಲೆ ಇಬ್ಬರನ್ನು ಉಳಿಸಿಕೊಂಡಿದ್ದರು. ಬಣ್ಣಕ್ಕೆ ಬಣ್ಣಕ್ಕ, ಅಕ್ಷರಕ್ಕೆ ಅಕ್ಷರದಜ್ಜ.

ಅಜ್ಜನಿಗೆ ಎಪ್ಪತ್ತು ದಾಟಿತ್ತು. ಸಮುದ್ರಗಳ ಹೆಸರನ್ನು ಅಲೆಯ ಹಾಗೆ ಬಾಗಿಸಿ ಬರೆಯುವುದರಲ್ಲಿ ಅವನದು ಎತ್ತಿದ ಕೈ. "ಏಳು ಸಮುದ್ರಕ್ಕೂ ಹೆಸರು ಬರೆದೋನು ನಾನು. ಮನೇಲಿ ಮಾತ್ರ 'ಏನ್ರೀ' ಬಿಟ್ರೆ ನನಗೆ ಬೇರೆ ಹೆಸರೇ ಇಲ್ಲ" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಬಣ್ಣಕ್ಕ ಪ್ರತಿ ಸಲವೂ ಹೊಸದಾಗಿ ಕೇಳಿದವಳಂತೆ ನಗುತ್ತಿದ್ದಳು.

ಅವಳ ಕೆಲಸಕ್ಕೆ ಆತುರ ಆಗದು. ಕಾಗದವನ್ನು ಒದ್ದೆ ಮಾಡಿ ಹಲಗೆಗೆ ಬಿಗಿದು, ಹಲಗೆಯ ತಲೆಭಾಗವನ್ನು ಎರಡು ಬೆರಳಷ್ಟು ಎತ್ತರಿಸಿ, ದೇಶದ ಮೇಲಿನ ಗಡಿಯಿಂದ ಶುರು ಮಾಡಬೇಕು. ಬಣ್ಣದ ನೀರು ಕುಂಚದ ತುದಿಯಲ್ಲಿ ಹನಿಗಟ್ಟಿ ನಿಂತಿರಬೇಕು. ಆ ಹನಿಯನ್ನು ಕೂಸನ್ನು ಕೈಹಿಡಿದು ನಡೆಸಿದ ಹಾಗೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಡೆಸಿಕೊಂಡು ಕೆಳಗಿನ ಕರಾವಳಿ ಮುಟ್ಟಿಸಬೇಕು. ನಡುವೆ ಕೈ ನಿಂತರೆ ನೀರು ಒಣಗಿ ಗೆರೆ ಮೂಡುತ್ತದೆ. ಅದಕ್ಕೇ ಬಣ್ಣ ಹಾಕುವ ಹೊತ್ತಿನಲ್ಲಿ ಅವಳು ಮಾತಾಡುತ್ತಿರಲಿಲ್ಲ. ಕಣ್ಣು ಕಾಗದದ ಮೇಲಿದ್ದರೂ ಮನಸ್ಸು ಆ ನೀರಿನ ಜೊತೆ ಹರಿದು ಎಲ್ಲೋ ಹೋಗಿರುತ್ತಿತ್ತು. ಹಳದಿ ದೇಶದಲ್ಲಿ ಯಾವಾಗಲೂ ಸಂಜೆ ನಾಲ್ಕು ಗಂಟೆಯೇ. ಹಸಿರು ದೇಶದಲ್ಲಿ ಯಾರೋ ಹೆಂಗಸು ಬಟ್ಟೆ ಒಣಹಾಕುತ್ತ ಬಾಯೊಳಗೇ ಏನೋ ಗುನುಗುತ್ತಿದ್ದಾಳೆ. ತಿಳಿಗುಲಾಬಿಯ ದೇಶದಲ್ಲಿ ಬಾಗಿಲುಗಳೆಲ್ಲ ತೆರೆದಿವೆ, ಒಳಗೆ ಯಾರೂ ಇಲ್ಲ. ಅಲ್ಲೆಲ್ಲ ಸುತ್ತಿ ಬರುವಷ್ಟರಲ್ಲಿ ಹಲಗೆಯ ಮೇಲೆ ಬಣ್ಣ ಆರಿರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಮಕ್ಕಳ ಆಸ್ಪತ್ರೆಯ ಡಾಕ್ಟರಮ್ಮ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು. ಗಿಡ್ಡ ಆಳು, ತುಂಬು ಮೈ. ಮೂಗಿನ ಮೇಲೊಂದು ಕನ್ನಡಕ, ತಲೆಯ ಮೇಲೊಂದು ಕನ್ನಡಕ. ಕಂಕುಳಲ್ಲಿ ಒಂದು ದಪ್ಪ ನೋಟ್‌ಬುಕ್ಕು.

"ನಮ್ಮ ಆಸ್ಪತ್ರೇಲಿ ಕಾಯೋ ಕೋಣೆ ಇದೆಯಲ್ಲ, ಅದರ ಗೋಡೆಗೆ ಒಂದು ಪ್ರಪಂಚದ ಮ್ಯಾಪು ಬೇಕು" ಎಂದರು. "ಯಾವ ಯಾವ ಸೀಮೇಲಿ ಮಕ್ಕಳಿಗೆ ಯಾವ ಯಾವ ತಿಂಡಿ ಆಗಿಬರೋದಿಲ್ಲ ಅಂತ ತೋರಿಸೋ ಮ್ಯಾಪು. ಊಟದ ಅಲರ್ಜಿ ಅಂತೀವಲ್ಲ, ಅದು. ಹೆಚ್ಚು ಇದ್ದಲ್ಲಿ ಗಾಢ ಬಣ್ಣ, ಕಡಿಮೆ ಇದ್ದಲ್ಲಿ ತೆಳು."

ಅಜ್ಜ ಕುಂಚ ಕೆಳಗಿಟ್ಟ. "ಊಟ ಬಲ್ಲವನಿಗೆ ರೋಗವಿಲ್ಲ ಅಂತಾರಲ್ಲ ಡಾಕ್ಟ್ರಮ್ಮ."

"ಇದರಲ್ಲಿ ಉಣ್ಣೋನ ತಪ್ಪೇನೂ ಇಲ್ಲ ಅಜ್ಜ. ಊಟಾನೂ ಒಳ್ಳೇದೇ, ಮೈಯೂ ಒಳ್ಳೇದೇ. ಮನೆಗೆ ಬಂದ ನೆಂಟನ್ನ ಕಳ್ಳ ಅಂದ್ಕೊಂಡು ಬಡಿದಾಡೋಕೆ ಹೋಗಿ ಮನೇನೇ ಸುಟ್ಕೊಂಡ ಹಾಗೆ. ಮೈ ಮಾಡೋದು ಅದನ್ನೇ."

ಆಮೇಲೆ ಅವರು ಸ್ಟೂಲಿನ ಮೇಲೆ ಕೂತು ನೋಟ್‌ಬುಕ್ಕು ಬಿಚ್ಚಿ ಒಂದೊಂದೇ ಸೀಮೆಯ ಕಥೆ ಹೇಳಿದರು. ಆಸ್ಟ್ರೇಲಿಯಾದ ಒಂದು ನಗರದಲ್ಲಿ ವರ್ಷ ತುಂಬಿದ ಕೂಸುಗಳನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿದಾಗ ಹತ್ತರಲ್ಲಿ ಒಂದಕ್ಕೆ ಯಾವುದೋ ಒಂದು ತಿನಿಸು ಆಗುತ್ತಿರಲಿಲ್ಲವಂತೆ, ಅದರಲ್ಲೂ ಮೊಟ್ಟೆ. ಯುರೋಪಿನ ಕೆಲವು ಕಡೆ ಮರದ ಪರಾಗ ಮೂಗಿಗೆ ಆಗದವರಿಗೆ ಸೇಬು ಕಚ್ಚಿದರೂ ಬಾಯಿ ತುರಿಸುತ್ತದಂತೆ. ಪೂರ್ವದ ಕಡಲ ದಂಡೆಗಳಲ್ಲಿ ಸೀಗಡಿ, ಏಡಿ. ಇನ್ನೊಂದು ಕಡೆ ಕಡಲೆಬೀಜ. ಒಂದೂರಿನಲ್ಲಿ ಮಕ್ಕಳು ಅಂಗೈ ತುಂಬ ತಿಂದು ಕುಣಿಯುವ ವಸ್ತುವನ್ನೇ ಇನ್ನೊಂದೂರಿನ ಶಾಲೆಯ ಗೇಟಿನೊಳಗೆ ಬಿಡುವುದಿಲ್ಲವಂತೆ.

"ಒಂದು ವಿಚಿತ್ರ ಕೇಳಿ. ಅಪ್ಪ ಅಮ್ಮ ಹುಟ್ಟಿದೂರಲ್ಲಿ ಏನು ತಿಂದ್ರೂ ಅರಗಿಸ್ಕೊಂಡಿರ್ತಾರೆ. ಅವರು ಬೇರೆ ಸೀಮೆಗೆ ಹೋಗಿ ನೆಲೆಸ್ತಾರೆ. ಅಲ್ಲಿ ಹುಟ್ಟಿದ ಮಗುವಿಗೆ ಆ ಸೀಮೆಯವರ ಹಾಗೇ, ಕೆಲವು ಸಲ ಅವರಿಗಿಂತ ಹೆಚ್ಚಾಗೇ ಬರುತ್ತೆ. ರಕ್ತ ಅದೇ, ನೆಲ ಬೇರೆ."

"ಯಾಕೆ ಹಾಗೆ?" ಬಣ್ಣಕ್ಕ ಕೇಳಿದಳು.

"ಬಿಸಿಲು ಅಂತಾರೆ, ಮಣ್ಣು ಅಂತಾರೆ, ಕೂಸಿಗೆ ತಡವಾಗಿ ತಿನ್ನಿಸ್ತಾರೆ ಅಂತಾರೆ. ಎಲ್ಲದರಲ್ಲೂ ಒಂದಿಷ್ಟು ನಿಜ ಇರಬಹುದು. ಪೂರ್ತಿ ಗೊತ್ತಿರೋರು ಯಾರೂ ಇಲ್ಲ."

"ನಂದು ಬೇರೆ ಕಷ್ಟ" ಎಂದ ಅಜ್ಜ. "ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ. ಇದಕ್ಕೊಂದು ಬಣ್ಣ ಹಾಕಿ ಡಾಕ್ಟ್ರಮ್ಮ."

ಡಾಕ್ಟರಮ್ಮ ಗಟ್ಟಿಯಾಗಿ ನಕ್ಕು, ತಲೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕಿ, ಕೊನೆಗೆ ತಲೆ ಮುಟ್ಟಿ ನೋಡಿಕೊಂಡು ಹೊರಟರು.

ಮುಂದಿನ ಎರಡು ವಾರ ಬಣ್ಣಕ್ಕನಿಗೆ ಕನಸಿನಂತೆ ಕಳೆದವು. ಕೆಂಪಿಗೂ ಕಂದಿಗೂ ನಡುವಿನ ಒಂದು ಬಣ್ಣವನ್ನು ಅವಳೇ ಕಲೆಸಿಕೊಂಡಳು. ಅದಕ್ಕೆ ನೀರು ಬೆರೆಸುತ್ತ ಬೆರೆಸುತ್ತ ಏಳು ಬಟ್ಟಲಿನಲ್ಲಿ ಏಳು ಛಾಯೆ ಮಾಡಿಟ್ಟಳು. ಬೇಕಾದಷ್ಟು ಸಲ ಬಳಿದ ದೇಶಗಳೇ ಅವು. ಆದರೆ ಈ ಸಲ ಅವುಗಳೊಳಗೆ ಹೋದರೆ ಎಲ್ಲ ಮನೆಗಳಲ್ಲೂ ಊಟದ ಹೊತ್ತು. ಮೇಜಿನ ಸುತ್ತ ಮಕ್ಕಳು. ಒಂದು ತುತ್ತು ಬಾಯಿಗೆ ಹೋಗುವುದನ್ನು ತಾಯಂದಿರೆಲ್ಲ ಉಸಿರು ಹಿಡಿದು ನೋಡುತ್ತಿದ್ದಾರೆ. ಯಾರೂ ಮಾತಾಡುತ್ತಿಲ್ಲ. ಕಿಟಕಿಯ ಪರದೆ ಮಾತ್ರ ಅಲ್ಲಾಡುತ್ತಿದೆ. ಆ ಪರದೆಯನ್ನು ಎಲ್ಲೋ ನೋಡಿದ್ದೇನೆ ಎಂದು ಅವಳಿಗೆ ಅನಿಸುತ್ತಿತ್ತು, ಎಲ್ಲಿ ಎಂದು ಹೊಳೆಯುತ್ತಿರಲಿಲ್ಲ.

ಬಣ್ಣ ಹಾಕಬೇಕಾದ ಸೀಮೆಗಳೆಲ್ಲ ಮುಗಿದಾಗ ಭೂಪಟದಲ್ಲಿ ಬಹಳ ಜಾಗ ಬಿಳಿಯಾಗಿಯೇ ಉಳಿದಿತ್ತು. ನೋಟ್‌ಬುಕ್ಕಿನಲ್ಲಿ ಆ ದೇಶಗಳ ಮುಂದೆ ಏನೂ ಬರೆದಿರಲಿಲ್ಲ. ಕೆಲಸ ನೋಡಲು ಬಂದ ಡಾಕ್ಟರಮ್ಮನನ್ನು ಬಣ್ಣಕ್ಕ ಕೇಳಿದಳು. ಆಗ ಅವಳ ಕೈಯಲ್ಲಿ ಕುಂಚವಿತ್ತು. ಹಲಗೆಯ ಕೆಳಗಿನ ಸಮುದ್ರಕ್ಕೆ ತೆಳುನೀಲಿ ಇಳಿಸುತ್ತಿದ್ದಳು.

"ಈ ಬಿಳೀ ಜಾಗ ಹಾಗೇ ಇರ್ಲಾ? ಇಲ್ಲೆಲ್ಲಾ ಈ ತೊಂದರೆ ಇಲ್ವಾ?"

"ಇಲ್ಲ ಅನ್ನೋದು ಬೇರೆ, ಕೇಳಿಲ್ಲ ಅನ್ನೋದು ಬೇರೆ" ಎಂದರು ಡಾಕ್ಟರಮ್ಮ. "ಕೆಲವು ಕಡೆ ನಿಜವಾಗ್ಲೂ ಕಡಿಮೆ ಇರಬಹುದು. ಇನ್ನು ಕೆಲವು ಕಡೆ ಯಾರೂ ಹೋಗಿ ಕೇಳೇ ಇಲ್ಲ. ನಮ್ಮೂರೂ ಆ ಬಿಳೀಲೇ ಇದೆ ನೋಡಿ. ಇಲ್ಲಿ ಒಂದು ಮಗು ಹೋದ್ರೆ ಜನ ಬೇರೆ ಏನೋ ಹೆಸರು ಕೊಡ್ತಾರೆ. ಆಯಸ್ಸೇ ಅಷ್ಟು ಅಂತಾರೆ. ಗಂಟಲಿಗೆ ಸಿಕ್ಕಿಕೊಳ್ತು ಅಂತಾರೆ. ಯಾರೋ ಏನೋ ಹಾಕಿಕೊಟ್ರು ಅಂತಾರೆ."

ಬಣ್ಣಕ್ಕನ ಕೈ ನಿಧಾನವಾಯಿತು. "ಅದು ಬಂದ್ರೆ ಹೇಗಿರುತ್ತೆ?"

"ಬೇಗ ಬರುತ್ತೆ. ಕೆಲವೇ ನಿಮಿಷ. ಮೊದಲು ಬಾಯಿ ತುರಿಸುತ್ತೆ, ತುಟಿ ದಪ್ಪ ಆಗುತ್ತೆ, ಮೈಮೇಲೆ ದದ್ದು ಏಳುತ್ತೆ. ಆಮೇಲೆ ಉಸಿರು."

ಕೈ ನಿಂತೇಹೋಯಿತು. ನೀಲಿಯ ನಡುವೆ ಒಂದು ಗೆರೆ ಒಣಗುತ್ತ ಬಂದರೂ ಬಣ್ಣಕ್ಕ ಅದನ್ನು ನೋಡಲಿಲ್ಲ. ಅವಳ ಕಣ್ಣಿಗೆ ಕಂಡದ್ದು ಒಂದು ಬೀರು, ಅದರ ಬಾಗಿಲಿನ ಉದ್ದನೆಯ ಕನ್ನಡಿ, ಪಕ್ಕದ ಕಿಟಕಿಯಲ್ಲಿ ಅಲ್ಲಾಡುವ ಪರದೆ.

ಅವಳಿಗೊಬ್ಬ ಅಕ್ಕ ಇದ್ದಳು. ಒಂದು ಕಡೆ ನಿಲ್ಲದೆ ಪುರ್ರೆಂದು ಓಡಾಡುತ್ತಿದ್ದಳೆಂದು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಗುಬ್ಬಿಗೆ ಆರು ವರ್ಷ, ಇವಳಿಗೆ ನಾಲ್ಕು. ಒಂದು ಮಧ್ಯಾಹ್ನ ಅಮ್ಮನ ತಂಗಿ ಬಂದಿದ್ದಳು. ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿಲ್ಲದ ಚಿಕ್ಕಮ್ಮ. ಮನೆಯಲ್ಲೇ ಮಾಡಿದ ಕಡಲೆಬೀಜದ ಉಂಡೆಗಳನ್ನು ಡಬ್ಬಿಯಲ್ಲಿ ತಂದಿದ್ದಳು. ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾನೇ ಬಾಯಿಗಿಟ್ಟಳು. ಸಂಜೆಯ ಹೊತ್ತಿಗೆ ಗುಬ್ಬಿ ಇರಲಿಲ್ಲ. ಅಮ್ಮ ಎಲ್ಲರ ಎದುರಿಗೆ ತಂಗಿಗೆ ಒಂದೇ ಮಾತು ಹೇಳಿದಳು: "ನಿನ್ನ ಕೈಯಿಂದ ತಿಂದ ಮೇಲೇ ಆಗಿದ್ದು." ಚಿಕ್ಕಮ್ಮ ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಆ ಮಾತಿಗೆ ಮಾತ್ರ ಕೈಕಾಲು ಮೂಡಿತು. ಮಕ್ಕಳಿಲ್ಲದವಳ ಹೊಟ್ಟೆಕಿಚ್ಚು ಅಂದರು ಒಬ್ಬರು. ಉಂಡೆಯಲ್ಲಿ ಏನೋ ಬೆರೆಸಿದ್ದಳು ಅಂದರು ಇನ್ನೊಬ್ಬರು. ನಲವತ್ತೆರಡು ವರ್ಷದಿಂದ ಅಕ್ಕತಂಗಿಯರು ಒಂದೇ ಊರಿನಲ್ಲಿದ್ದೂ ಎಣ್ಣೆ ಸೀಗೆಕಾಯಿ. ಅಪ್ಪ ತೀರಿಕೊಂಡಾಗ ಚಿಕ್ಕಮ್ಮ ಬಂದು ಗೇಟಿನ ಹೊರಗೇ ಸ್ವಲ್ಪ ಹೊತ್ತು ನಿಂತಿದ್ದು ಹೋಗಿದ್ದಳು.

ಇಷ್ಟು ಎಲ್ಲರಿಗೂ ಗೊತ್ತಿದ್ದ ಕಥೆ. ಯಾರಿಗೂ ಗೊತ್ತಿಲ್ಲದ ಒಂದು ತುಣುಕು ಬಣ್ಣಕ್ಕನ ಹತ್ತಿರವಿತ್ತು. ಅದು ನಿಜವೋ ಕನಸೋ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಈಗ ಅದು ಕಣ್ಣಿಗೆ ಕಟ್ಟಿದ ಹಾಗೆ ಬಂತು. ಉಂಡೆ ತಿಂದ ಗುಬ್ಬಿ ಒಳಕೋಣೆಗೆ ಓಡಿ ಬಂದಳು. "ನೋಡೇ ನನ್ನ ತುಟಿ! ಮೀನಿನ ಬಾಯಿ ಆಯ್ತು!" ಇಬ್ಬರೂ ಬೀರುವಿನ ಕನ್ನಡಿಯ ಮುಂದೆ ನಿಂತರು. ಗುಬ್ಬಿಯ ತುಟಿ ನಿಜಕ್ಕೂ ದಪ್ಪಗಾಗಿ ಹೊರಗೆ ಬಂದಿತ್ತು. ಅವಳು ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ ಮಾಡಿದಳು. ತಂಗಿ ಬಿಕ್ಕಳಿಕೆ ಬರುವಷ್ಟು ನಕ್ಕಳು. ಗುಬ್ಬಿ ಕತ್ತು ಕೆರೆದುಕೊಂಡಳು. ನೆಲದ ಮೇಲೆ ಕೂತಳು. "ನಗಿಸ್ಬೇಡ್ವೇ, ಉಸಿರು ಬರ್ತಿಲ್ಲ" ಅಂದಳು. ಅದೂ ಆಟವೇ ಎಂದುಕೊಂಡು ತಂಗಿ ಇನ್ನೂ ನಗುತ್ತಲೇ ಇದ್ದಳು. ದೊಡ್ಡವರು ಬಂದು ನೋಡುವ ಹೊತ್ತಿಗೆ ಗುಬ್ಬಿ ನೀಲಿಗಟ್ಟಿದ್ದಳು. ಅವಳ ತುಟಿಯನ್ನು ಆಮೇಲೆ ಯಾರೂ ಗಮನಿಸಲಿಲ್ಲ. ನಕ್ಕವಳು ಬಾಯಿಗೆ ಬೀಗ ಹಾಕಿಕೊಂಡು ಮೂಲೆಯಲ್ಲಿ ನಿಂತುಬಿಟ್ಟಳು.

"ಬಣ್ಣಕ್ಕ, ಗೆರೆ ಬಿತ್ತು!" ಎಂದ ಅಜ್ಜ.

ಅವಳು ಕುಂಚವನ್ನು ನೀರಿಗೆ ಹಾಕಿ, ತೀರಾ ಸಣ್ಣ ದನಿಯಲ್ಲಿ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದಳು. ಅಜ್ಜ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತ. ಡಾಕ್ಟರಮ್ಮ ಎರಡೂ ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು.

"ನಾನು ನೋಡಿಲ್ಲದ ಮಗು. ನಲವತ್ತೆರಡು ವರ್ಷದ ಮೇಲೆ ಆಣೆ ಪ್ರಮಾಣ ಮಾಡಿ ಹೇಳೋಕೆ ಆಗಲ್ಲ" ಎಂದರು. "ಆದ್ರೆ ನೀವು ಹೇಳ್ತಿರೋದು ಅದೇ. ಬೇರೆ ಏನೂ ನನಗೆ ಹೊಳೀತಿಲ್ಲ. ಅವಳು ಮುಂಚೆ ಯಾವತ್ತಾದ್ರೂ ಕಡಲೆಬೀಜ ತಿಂದಾಗ ಏನಾದ್ರೂ ಅಂತಿದ್ಲಾ?"

"ಗೊತ್ತಿಲ್ಲ. ಅಮ್ಮನ್ನ ಕೇಳ್ಬೇಕು."

"ಕೇಳಿ."

"ಡಾಕ್ಟ್ರಮ್ಮ, ನಾನು ನಗದೇ ಹೋಗಿ ದೊಡ್ಡೋರನ್ನ ಕರೆದಿದ್ರೆ?"

"ಆ ಕಾಲದಲ್ಲಿ, ಆ ಮನೇಲಿ ಅದಕ್ಕೆ ಬೇಕಾದ ಔಷಧಿ ಇರ್ಲಿಲ್ಲ. ಕರೆದಿದ್ರೂ ಅವರು ಏನು ಮಾಡ್ಬೇಕಿತ್ತು ಅಂತ ಅವರಿಗೇ ಗೊತ್ತಿರ್ಲಿಲ್ಲ. ನಾಲ್ಕು ವರ್ಷದ ಮಗು ನಕ್ಕಿದ್ದಕ್ಕೆ ಯಾರೂ ಸಾಯೋದಿಲ್ಲ ಕಣಮ್ಮ."

ಅಷ್ಟು ಹೇಳಿದ ಮೇಲೂ ಬಣ್ಣಕ್ಕ ನಾಲ್ಕು ದಿನ ಅಮ್ಮನ ಮುಂದೆ ಬಾಯಿ ಬಿಡಲಿಲ್ಲ. ಮದುವೆಯ ಗೊಡವೆಗೆ ಹೋಗದ ಅವಳು ಅಮ್ಮನ ಜೊತೆಗೇ ಇದ್ದಳು. ಎರಡು ಕೋಣೆ, ಒಂದು ಅಡುಗೆಮನೆ, ಬೀದಿಗೆ ತೆರೆಯುವ ಒಂದು ಕಿಟಕಿ. ಅಮ್ಮನಿಗೆ ಎಪ್ಪತ್ನಾಲ್ಕು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು ಊರವರಿಗೆಲ್ಲ ಲೈನು ಜೋಡಿಸಿಕೊಟ್ಟವಳು. ಈಗಲೂ ಫೋನು ಎತ್ತಿದರೆ ಅವಳ ದನಿ ಇಪ್ಪತ್ತರ ಹುಡುಗಿಯದು.

ಭಾನುವಾರ ಮಧ್ಯಾಹ್ನ ಅಮ್ಮ ಕಿಟಕಿಯ ಬಳಿ ಕೂತು ಬಟಾಣಿ ಸುಲಿಯುತ್ತಿದ್ದಳು. ಬಿಸಿಲು ಮೊರದ ಮೇಲೆ ಬಿದ್ದು ಕಾಳುಗಳು ಒಳಗಿನಿಂದಲೇ ಹೊಳೆಯುವಂತೆ ಕಾಣುತ್ತಿದ್ದವು. ಬಣ್ಣಕ್ಕ ಎದುರಿಗೆ ಕೂತು ತಾನೂ ಒಂದು ಸಿಪ್ಪೆ ಬಿಡಿಸುತ್ತ ಕೇಳಿದಳು.

"ಅಮ್ಮ, ಗುಬ್ಬಿಗೆ ಕಡಲೆಬೀಜ ಅಂದ್ರೆ ಇಷ್ಟ ಇತ್ತಾ?"

ಅಮ್ಮನ ಬೆರಳು ನಿಲ್ಲಲಿಲ್ಲ. "ಇರ್ಲಿಲ್ಲ" ಎಂದಳು. "ಗಂಟಲು ಕಚ್ಚುತ್ತೆ ಅಂತಿದ್ಲು. ಹುಡುಕಿ ಹುಡುಕಿ ತಟ್ಟೆ ಅಂಚಿಗೆ ತಳ್ತಿದ್ಲು. ನಾನು ಸೊಕ್ಕು ಅಂತಿದ್ದೆ. ಯಾಕೆ ಕೇಳ್ತೀಯ?"

ಬಣ್ಣಕ್ಕ ಹೇಳಿದಳು. ಭೂಪಟ, ಬಿಳಿಯ ಜಾಗ, ಡಾಕ್ಟರಮ್ಮ ಹೇಳಿದ ಲಕ್ಷಣ. ಕೊನೆಗೆ ಕನ್ನಡಿ, ಮೀನಿನ ಬಾಯಿ, ತನ್ನ ನಗು. ಹೇಳುತ್ತ ಹೋದಂತೆ ತನ್ನ ದನಿ ಬೇರೆ ಕೋಣೆಯಿಂದ ಬಂದಂತೆ ಅವಳಿಗೇ ಕೇಳುತ್ತಿತ್ತು. ಅಮ್ಮ ಬೈಯಬಹುದು, ಅಳಬಹುದು, ಎದ್ದು ಹೋಗಬಹುದು ಎಂದುಕೊಂಡಿದ್ದಳು. ಅಮ್ಮ ಯಾವುದನ್ನೂ ಮಾಡಲಿಲ್ಲ. ಸುಲಿದ ಕಾಳುಗಳನ್ನು ಅಂಗೈಯಿಂದ ಒಂದು ಕಡೆಗೆ ಸರಿಸಿದಳು, ಮತ್ತೆ ಇನ್ನೊಂದು ಕಡೆಗೆ ಸರಿಸಿದಳು.

"ನೀನು ನಕ್ಕಿದ್ದು ನನಗೆ ಹೊರಗೆ ಕೇಳಿಸಿತ್ತು" ಎಂದಳು. "ಮಕ್ಕಳು ಖುಷಿಯಾಗಿದಾರೆ ಅಂದ್ಕೊಂಡೆ."

ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹೋದರು.

"ಇನ್ನೊಂದಿದೆ. ಇದು ನಿಮ್ಮಪ್ಪನಿಗೂ ಹೇಳಿರ್ಲಿಲ್ಲ. ಅವತ್ತು ಅವಳು ಬೇಡ ಅಂದ್ಲು. ಚಿಕ್ಕಮ್ಮನ ತೊಡೆ ಮೇಲೆ ಕೂತು ನನ್ನ ಕಡೆ ನೋಡಿ 'ಬೇಡಮ್ಮ' ಅಂದ್ಲು. 'ಚಿಕ್ಕಮ್ಮ ಆಸೆಯಿಂದ ತಂದಿದಾಳೆ, ಬೇಡ ಅನ್ಬಾರ್ದು, ತಿನ್ನು' ಅಂತ ಕಣ್ಣು ಬಿಟ್ಟಿದ್ದು ನಾನು. ಕೈ ಅವಳದು. ಮಾತು ನಂದು."

"ನಿನಗೆ ಗೊತ್ತಿರ್ಲಿಲ್ಲ ಅಮ್ಮ. ಯಾರಿಗೂ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ಲ, ಸರಿ. ಆಮೇಲೆ ತಪ್ಪನ್ನ ಚಿಕ್ಕಮ್ಮನ ಮೇಲೆ ಹಾಕ್ದೆನಲ್ಲ, ಅದು ಗೊತ್ತಿದ್ದೇ ಹಾಕಿದ್ದು." ಅಮ್ಮ ಮೊರವನ್ನು ಕೆಳಗಿಟ್ಟಳು. ಮೊಣಕಾಲು ಹಿಡಿದುಕೊಂಡು ಎದ್ದು, ಒಳಗೆ ಹೋಗಿ, ಹೊರಗೆ ಹೋಗುವ ಬಟ್ಟೆ ಹಾಕಿಕೊಂಡು ಬಂದಳು. ತಲೆ ಬಾಚಿದ್ದಳು. "ಅವಳ ಅಂಗಡಿ ಭಾನುವಾರ ತೆಗೆದಿರುತ್ತಾ?"

"ತೆಗೆದಿರುತ್ತೆ."

ಅಮ್ಮ ಅವಳ ಮುಖ ನೋಡಿದಳು. "ನಿನಗೆ ಹೇಗೆ ಗೊತ್ತು?"

"ಹೋಗಿದ್ದೆ ಒಂದ್ಸಲ. ಹರಿದ ಕೋಟು ಹಿಡ್ಕೊಂಡು. ಬಾಗಿಲವರೆಗೆ ಹೋಗಿ ವಾಪಸ್ ಬಂದೆ."

ಚಿಕ್ಕಮ್ಮ ರಫು ಕೆಲಸ ಮಾಡುತ್ತಿದ್ದಳು. ಹರಿದ ಬಟ್ಟೆಗೆ ಅದೇ ಬಟ್ಟೆಯ ನೂಲು ಎಳೆದು ತೂತು ಮುಚ್ಚುವ ಕೆಲಸ. ಗಂಡ ತೀರಿಕೊಂಡ ಮೇಲೆ ಅದೇ ಅವಳ ಬದುಕು. ಬಸ್ಸಿನಲ್ಲಿ ಹದಿನೈದೇ ನಿಮಿಷದ ದಾರಿ. ಅಮ್ಮ ದಾರಿಯುದ್ದಕ್ಕೂ ಪ್ರತಿ ನಿಲ್ದಾಣದ ಹೆಸರನ್ನು ಬಾಯೊಳಗೇ ಓದುತ್ತ ಕೂತಿದ್ದಳು. ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು ಯಾವುದೋ ದೇಶಕ್ಕೆ ಬಂದಿಳಿದವಳಂತೆ ಕಾಣುತ್ತಿದ್ದಳು. ಬಸ್ಸಿನ ಗಾಜಿನಲ್ಲಿ ಬೀದಿಗಳು ನೀರಿನಲ್ಲಿ ಕದಡಿದ ಬಣ್ಣದ ಹಾಗೆ ಒಂದರೊಳಗೊಂದು ಹರಿದುಹೋಗುತ್ತಿದ್ದವು.

ಮಂಚದಷ್ಟು ಅಗಲದ ಅಂಗಡಿ. ಗೋಡೆಯ ತುಂಬ ನೂಲಿನ ಉಂಡೆಗಳು. ಕಪ್ಪಿನಲ್ಲೇ ಹತ್ತು ಬಗೆ, ಬೂದಿಯಲ್ಲಿ ಇಪ್ಪತ್ತು ಬಗೆ. ಅವುಗಳ ನಡುವೆ ಬಿಳಿಕೂದಲಿನ ಒಂದು ಸಣ್ಣ ತಲೆ ಕೋಟಿನ ತೋಳಿನ ಮೇಲೆ ಬಾಗಿತ್ತು. ಬಾಗಿಲಲ್ಲಿ ನೆರಳು ಬಿದ್ದದ್ದು ನೋಡಿ, "ಬೆಳಕು ಬಿಟ್ಟು ನಿಂತ್ಕೊಳ್ಳಿ" ಎಂದಿತು. ಆಮೇಲೆ ತಲೆ ಎತ್ತಿತು.

ಅಮ್ಮ ಬೆಳಕು ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.

"ಕೂತ್ಕೋ" ಎಂದಳು ಚಿಕ್ಕಮ್ಮ. ಒಂದೇ ಕುರ್ಚಿ ಇತ್ತು. ಅಮ್ಮ ಕೂರಲಿಲ್ಲ. ನಿಂತೇ ಹೇಳಿದಳು. ಫೋನಿನಲ್ಲಿ ಸಂದೇಶ ಓದುವ ಹಾಗೆ, ಒಂದು ಮಾತೂ ಬಿಡದೆ, ದನಿ ಏರಿಸದೆ, ಇಳಿಸದೆ ಹೇಳಿದಳು. ಉಂಡೆ ಒಳ್ಳೆಯದೇ ಇತ್ತು. ಗುಬ್ಬಿಯ ಮೈಗೆ ಕಡಲೆಬೀಜವೇ ಆಗುತ್ತಿರಲಿಲ್ಲ. ಬೇಡ ಅಂದವಳಿಗೆ ತಿನ್ನು ಅಂದದ್ದು ನಾನು. ಹೇಳಿ ಮುಗಿಸಿದ ಮೇಲೆ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು.

"ನೀನು ತಿನ್ನು ಅಂದಿದ್ದು ನನಗೆ ಕೇಳಿಸಿತ್ತು ಅಕ್ಕ" ಎಂದಳು ಚಿಕ್ಕಮ್ಮ. "ತೊಡೆ ಮೇಲೇ ಕೂತಿತ್ತಲ್ಲ ಮಗು."

"ಮತ್ತೆ ಯಾಕೆ ಹೇಳ್ಲಿಲ್ಲ? ಎಲ್ಲರ ಎದುರಿಗೆ ಅಂದ್ಬಿಡಬೇಕಿತ್ತು."

"ಹೇಳೋಣ ಅಂತ ಎಷ್ಟು ಸಲ ಬಸ್ಸು ಹತ್ತಿದೀನೋ. ಗೇಟಿನವರೆಗೆ ಬಂದು ಹೋಗ್ತಿದ್ದೆ." ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟಳು. "ಹೇಳಿದ್ರೂ ಏನಾಗ್ತಿತ್ತು? ಉಂಡೆ ಮಾಡ್ದೋಳು ನಾನೇ ತಾನೆ. ಪಾತ್ರೇಲಿ ಏನು ಬಿದ್ದಿತ್ತೋ, ಬೀಜ ಬೂಷ್ಟು ಹಿಡಿದಿತ್ತೋ ಅಂತ ನನಗೇ ಅನುಮಾನ. ಅವತ್ತು ಮನೆಗೆ ಹೋಗಿ ಡಬ್ಬೀಲಿ ಉಳಿದಿದ್ದ ಅಷ್ಟನ್ನೂ ನಾನೇ ತಿಂದೆ. ಹದಿನಾಲ್ಕು. ಏನಾದ್ರೂ ಇದ್ರೆ ನನಗೂ ಆಗ್ಲಿ ಅಂತ. ಬಾಗಿಲು ಹಾಕ್ಕೊಂಡು ಕೂತು ಕಾದೆ. ಏನೂ ಆಗ್ಲಿಲ್ಲ ಅಕ್ಕ. ಹೊಟ್ಟೆ ಕೂಡ ನೋಯ್ಲಿಲ್ಲ. ಇಷ್ಟು ವರ್ಷ ನನಗೆ ಅದೇ ಅರ್ಥ ಆಗದೇ ಇದ್ದಿದ್ದು. ನನಗೆ ಯಾಕೆ ಏನೂ ಆಗ್ಲಿಲ್ಲ ಅಂತ."

ಅಮ್ಮ ಆಗ ಕುರ್ಚಿಯ ಮೇಲೆ ಕೂತಳು. ಮುಖ ಮುಚ್ಚಿಕೊಂಡು ಅತ್ತಳು. ನಲವತ್ತೆರಡು ವರ್ಷದಲ್ಲಿ ಬಣ್ಣಕ್ಕ ಅಮ್ಮ ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಚಿಕ್ಕಮ್ಮ ಎದ್ದು ಬಂದು ಅಕ್ಕನ ಭುಜದ ಹತ್ತಿರ ನಿಂತಳು, ಆದರೆ ಮುಟ್ಟಲಿಲ್ಲ.

"ಕ್ಷಮಿಸು ಅಂತ ಕೇಳೋ ಮುಖಾನೂ ಇಲ್ಲ ನನಗೆ" ಎಂದಳು ಅಮ್ಮ.

"ಕೇಳ್ಬೇಡ. ನನಗೆ ಕೋಪ ಇದೆ ಅಕ್ಕ. ಈಗ್ಲೂ ಇದೆ. ಒಂದೇ ದಿನಕ್ಕೆ ಹೋಗೋ ಅಂಥದ್ದಲ್ಲ." ಆಮೇಲೆ ಬಣ್ಣಕ್ಕನ ಕಡೆಗೆ ತಿರುಗಿದಳು. "ನೀನಾ ಮೂಲೇಲಿ ನಿಂತಿದ್ದ ಪುಟಾಣಿ? ಹತ್ತಿರ ಬಾ. ಆ ಕೋಟು ಹೊಲಿಸ್ಕೊಂಡ್ಯೋ, ಹಾಗೇ ಹಾಕ್ಕೊಂಡು ತಿರುಗ್ತಿದ್ದೀಯೋ? ಗಾಜಿನಾಚೆ ನಿಂತಿದ್ದೋಳನ್ನ ನಾನು ನೋಡಿಲ್ಲ ಅಂದ್ಕೊಂಡಿದ್ಯಾ?"

ಭೂಪಟದ ಕೆಲಸ ಮುಂದಿನ ವಾರ ಮುಗಿಯಿತು. ನೀಲಿಯಲ್ಲಿ ಬಿದ್ದ ಗೆರೆಯ ಮೇಲೆ ಅಜ್ಜ ಸಮುದ್ರದ ಹೆಸರನ್ನು ಬಾಗಿಸಿ ಬರೆದು ಮಾನ ಕಾಪಾಡಿದ. ಬಿಳಿಯ ಜಾಗಗಳಿಗೆ ಬಣ್ಣಕ್ಕ ಮಂಜಿನಂಥ ಬೂದಿಬಣ್ಣ ಹಾಕಿದಳು. ಬಣ್ಣಗಳ ಅರ್ಥ ತಿಳಿಸುವ ಪಟ್ಟಿಯಲ್ಲಿ ಅದರ ಮುಂದೆ ಏನು ಬರೆಯಲಿ ಎಂದು ಅಜ್ಜ ಕೇಳಿದಾಗ ಡಾಕ್ಟರಮ್ಮ, "ಇನ್ನೂ ಕೇಳಿಲ್ಲ, ಅಂತಲೇ ಬರೀರಿ" ಎಂದರು. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಅದನ್ನು ತೂಗುಹಾಕಿದ ಮೇಲೆ, ಕಾಯುತ್ತ ಕೂತ ತಾಯಂದಿರು ತಮ್ಮ ಊರನ್ನು ಬೂದಿಯಲ್ಲಿ ಹುಡುಕಿ, ಅಲ್ಲಿ ಬೆರಳಿಟ್ಟು, ಒಳಗೆ ಹೋದಾಗ ಡಾಕ್ಟರಮ್ಮನಿಗೆ ಏನೇನೋ ಹೇಳತೊಡಗಿದರು. ಹೋದ ವರ್ಷ ಹೀಗಾಯಿತು, ನಮ್ಮತ್ತಿಗೆಯ ಮಗುವಿಗೆ ಹಾಗಾಯಿತು. ಡಾಕ್ಟರಮ್ಮ ಹೊಸದೊಂದು ನೋಟ್‌ಬುಕ್ಕು ತೆರೆದು ಬರೆದುಕೊಳ್ಳತೊಡಗಿದರು.

ಅಕ್ಕತಂಗಿಯರ ನಡುವೆ ಎಲ್ಲವೂ ಬೆಣ್ಣೆಯಂತೆ ಕರಗಿಹೋಗಲಿಲ್ಲ. ಅಮ್ಮ ವಾರಕ್ಕೆರಡು ದಿನ ಅಂಗಡಿಗೆ ಹೋಗಿ ಕೂರುತ್ತಿದ್ದಳು. ಮೊದಮೊದಲು ಚಿಕ್ಕಮ್ಮ ಅವಳ ಕೈಗೆ ಬಟ್ಟೆಯ ಅಂಚು ಕೊಟ್ಟು ಬಿಗಿಯಾಗಿ ಹಿಡಿದುಕೊಳ್ಳಲು ಹೇಳುತ್ತಿದ್ದಳೇ ಹೊರತು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಒಂದು ತಿಂಗಳ ಮೇಲೆ ಜಗಳ ಶುರುವಾಯಿತು. ಚಿಕ್ಕಂದಿನಲ್ಲಿ ಕಿಟಕಿ ಪಕ್ಕದ ಹಾಸಿಗೆ ಯಾರದ್ದು, ಹೂಜಿ ಒಡೆದು ಹಾಕಿದವರು ಯಾರು ಎಂದು. ಅಮ್ಮ ಮನೆಗೆ ಬಂದು ಕೋಪದಿಂದ ಅದನ್ನೆಲ್ಲ ವರದಿ ಮಾಡಿದಾಗ ಬಣ್ಣಕ್ಕನಿಗೆ ಒಳಗೊಳಗೇ ಹಗುರವಾಯಿತು.

ಡಾಕ್ಟರಮ್ಮ ಗುಬ್ಬಿಯ ವಿಷಯವನ್ನೂ ಬರೆದುಕೊಳ್ಳಬೇಕು ಎಂದಾಗ ಬಣ್ಣಕ್ಕ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಇಬ್ಬರೂ ಮೇಜಿನ ಎದುರಿಗೆ ಪಕ್ಕಪಕ್ಕದಲ್ಲಿ ಕೂತರು. ಹೊತ್ತು ಎಷ್ಟಾಗಿತ್ತು ಎಂದು ಡಾಕ್ಟರಮ್ಮ ಕೇಳಿದರು. ಮೂರೂವರೆ ಎಂದಳು ಅಮ್ಮ. ಮೂರೂಕಾಲು ಎಂದಳು ಚಿಕ್ಕಮ್ಮ.

"ಮೂರೂವರೆಗೆ ನಾನು ಡ್ಯೂಟಿಗೆ ಹೊರಡ್ಬೇಕಿತ್ತು. ನನಗೆ ಗೊತ್ತಿಲ್ವಾ?"

"ನಾನು ಮೂರರ ಬಸ್ಸಿಗೆ ಬಂದೋಳು. ಬಂದ ತಕ್ಷಣ ಡಬ್ಬಿ ತೆಗೆದೆ. ಸುಮ್ನಿರಕ್ಕ."

ಡಾಕ್ಟರಮ್ಮ ಎರಡನ್ನೂ ಬರೆದುಕೊಂಡರು. ಎತ್ತರ ಎಷ್ಟಿದ್ದಳು ಎಂದಾಗ ಇಬ್ಬರ ಕೈಯೂ ಒಟ್ಟಿಗೇ ಮೇಲೆದ್ದು, ನೆಲದಿಂದ ಒಂದೇ ಎತ್ತರದಲ್ಲಿ, ಗಾಳಿಯಲ್ಲಿ ಒಂದು ಪುಟ್ಟ ತಲೆಯ ಮೇಲೆ ಇಟ್ಟಂತೆ ನಿಂತವು. ಚಿಕ್ಕಮ್ಮ ತನ್ನ ಕೈಯನ್ನು ಒಂದು ಚೂರು ಮೇಲೆತ್ತಿದಳು. ಅಮ್ಮ ಅದನ್ನು ನೋಡಿ ತಾನೂ ಒಂದು ಚೂರು ಮೇಲೆತ್ತಿದಳು.

"ಇಷ್ಟು" ಎಂದಳು ಅಮ್ಮ.

"ಹೂಂ, ಇಷ್ಟು" ಎಂದಳು ಚಿಕ್ಕಮ್ಮ.